ಚಿತ್ರ-ಟಿಪ್ಪಣಿಯ ಉಚಿತ ತಂತ್ರಾಂಶಗಳು: ಒಂದು ವಿಮರ್ಶೆ

೧

ಹೊಸಪೇಟೆಯಿಂದ ಬಳ್ಳಾರಿಗೆ ಸಾಗುವ ಹಾದಿಯಲ್ಲಿರುವ ಪಾಪಿನಾಯಕನಹಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಒಂದು ವೃತ್ತವನ್ನೆಳೆದರೆ, ಕರ್ನಾಟಕದ ಇತಿಹಾಸದ ಒಂದು ದೊಡ್ಡ ಭಾಗವೇ ಅದರೊಳಗೆ ಕಲ್ಲಾಗಿ ನಿಂತಿರುವುದನ್ನು ಕಾಣಬಹುದು. ಉತ್ತರಕ್ಕೆ ಹಂಪೆಯ ಅವಶೇಷಗಳು. ಈಶಾನ್ಯಕ್ಕೆ ತುಂಗಭದ್ರೆಯ ದಂಡೆಯ ಕಂಪ್ಲಿ. ದಕ್ಷಿಣಕ್ಕೆ ಸಂಡೂರಿನ ಬೆಟ್ಟಗಳು, ಅವುಗಳ ನಡುವೆ ಪಾರ್ವತಿ ಮತ್ತು ಕುಮಾರಸ್ವಾಮಿ ದೇವಾಲಯಗಳು. ಪೂರ್ವಕ್ಕೆ ಅದೇ ಹಾದಿಯಲ್ಲಿ ಮುಂದುವರಿದರೆ ನವಶಿಲಾಯುಗದ ಕುಡತಿನಿಯ ಬೂದಿದಿಬ್ಬ. ಇವುಗಳಲ್ಲಿ ಕೆಲವು ಮಾತ್ರ ಸಂರಕ್ಷಿತ ಸ್ಮಾರಕಗಳು. ಊರ ಬಾಗಿಲ ಬಳಿಯ ವೀರಗಲ್ಲು, ಹೊಲದ ಬದುವಿನ ಮಾಸ್ತಿಕಲ್ಲು, ಕೆರೆಯ ತೂಬಿನ ಮೇಲಿನ ಎರಡು ಸಾಲಿನ ಬರಹ, ಇಂಥವಕ್ಕೆ ಕಾವಲುಗಾರರಿಲ್ಲ.

ಇಂದು ಈ ಕಲ್ಲುಗಳ ಛಾಯಾಚಿತ್ರಗಳಿಗೆ ಬರವಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿಯೂ ಕ್ಯಾಮೆರಾ ಉಳ್ಳ ಫೋನು ಇದೆ. ಒಂದು ದಿನದ ಕ್ಷೇತ್ರಪ್ರವಾಸದಿಂದ ನೂರಾರು ಚಿತ್ರಗಳು ಬರುತ್ತವೆ. ಆದರೆ ಚಿತ್ರವು ಸ್ವತಃ ಮಾತನಾಡದು. ಅದರಲ್ಲಿ ಏನಿದೆ, ಎಲ್ಲಿದೆ ಎಂಬುದನ್ನು ಯಾರಾದರೂ ಗುರುತಿಸಿ ಬರೆದಿಟ್ಟಲ್ಲದೆ ಅದು ಸಂಶೋಧನೆಗೆ ಸಾಮಗ್ರಿಯಾಗದು. ಗಣಕಕ್ಕೆ ಚಿತ್ರವನ್ನು ಓದಲು ಕಲಿಸುವ ಶಾಸ್ತ್ರಕ್ಕೆ, ಅಂದರೆ ಕಂಪ್ಯೂಟರ್ ವಿಷನ್ ಎಂದು ಪ್ರಸಿದ್ಧವಾಗಿರುವ ಗಣಕದೃಷ್ಟಿಗೆ, ಈ ಗುರುತುಗಳೇ ಆಹಾರ. ಮನುಷ್ಯನು ಸಾವಿರ ವೀರಗಲ್ಲುಗಳ ಸುತ್ತ ಗೆರೆಯೆಳೆದು ಹೆಸರು ಬರೆದುಕೊಟ್ಟರೆ, ಯಂತ್ರವು ಸಾವಿರದ ಒಂದನೆಯದನ್ನು ತಾನಾಗಿ ಹುಡುಕಲು ಯತ್ನಿಸುತ್ತದೆ. ಈ ಗೆರೆ ಮತ್ತು ಹೆಸರುಗಳನ್ನೇ ಪ್ರಕೃತ ಲೇಖನದಲ್ಲಿ ಚಿತ್ರ-ಟಿಪ್ಪಣಿ ಎಂದು ಕರೆಯಲಾಗಿದೆ. ಇದಕ್ಕೆಂದು ಹಣ ಕೊಡದೆ ದೊರೆಯುವ ತಂತ್ರಾಂಶಗಳು ಹಲವಿವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು, ಏಕೆ ಆರಿಸಬೇಕು ಎಂಬುದನ್ನು ಇತಿಹಾಸದ ಅಧ್ಯಾಪಕನ ದೃಷ್ಟಿಯಿಂದ ವಿಮರ್ಶಿಸುವುದು ಇಲ್ಲಿಯ ಉದ್ದೇಶ.

೨

ಇದು ಎಂಜಿನಿಯರುಗಳ ವಿಷಯ, ಇತಿಹಾಸಕಾರನಿಗೆ ಇದರಲ್ಲಿ ಏನು ಕೆಲಸ ಎಂಬ ಆಕ್ಷೇಪವು ಸಹಜ. ಅದಕ್ಕೆ ಉತ್ತರವು ಹಂಪೆಯಲ್ಲಿಯೇ ಇದೆ. ೧೯೮೦ರಿಂದ ಜಾನ್ ಫ್ರಿಟ್ಸ್ ಮತ್ತು ಜಾರ್ಜ್ ಮಿಚೆಲ್ ಅವರು ನಡೆಸಿದ ವಿಜಯನಗರ ಸಂಶೋಧನ ಯೋಜನೆಯು ಮೊದಲು ಮಾಡಿದ ಕೆಲಸವೇನು? ಇಡೀ ನಗರಪ್ರದೇಶವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಅಕ್ಷರಗಳ ಸಂಕೇತವನ್ನು ಕೊಟ್ಟು, ಚೌಕದೊಳಗಿನ ಒಂದೊಂದು ಕಟ್ಟಡಕ್ಕೂ ಸಂಖ್ಯೆಯನ್ನಿತ್ತದ್ದು. ಆ ಸಂಕೇತವನ್ನು ಹೇಳಿದರೆ ಇಂದಿಗೂ ವಿದ್ವಾಂಸರು ಅದೇ ಮಂಟಪದ ಮುಂದೆ ಬಂದು ನಿಲ್ಲುತ್ತಾರೆ. ನೆಲದ ಮೇಲೆ ಅವರು ಮಾಡಿದ್ದನ್ನೇ ಚಿತ್ರದ ಮೇಲೆ ಮಾಡುವುದು ಟಿಪ್ಪಣಿ. ಶಾಸನಗಳ ಸಂಪುಟಗಳನ್ನು ತೆರೆದರೂ ಅಷ್ಟೆ: ೧೮೮೬ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟವನ್ನು ಹೊರತಂದ ಬಿ. ಎಲ್. ರೈಸ್ ಅವರ ಕಾಲದಿಂದಲೂ, ಈ ಶಾಸನ ಎಲ್ಲಿದೆ, ಯಾವ ಕಲ್ಲಿನ ಮೇಲಿದೆ ಎಂಬ ಒಕ್ಕಣೆಯೇ ಪಾಠಕ್ಕೆ ಆಧಾರವಾಗಿ ನಿಂತಿದೆ.

ಯಂತ್ರಕ್ಕೆ ಕಲಿಸುವ ಟಿಪ್ಪಣಿಯ ಇತಿಹಾಸ ಇದಕ್ಕಿಂತ ಬಹಳ ಚಿಕ್ಕದು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಲೇಬಲ್‌ಮೀ ಎಂಬ ಸಾಧನವು ಸಿದ್ಧವಾದದ್ದು ೨೦೦೫ರಲ್ಲಿ. ೨೦೦೯ರಲ್ಲಿ ಇಮೇಜ್‌ನೆಟ್ ಎಂಬ ಮಹಾಸಂಗ್ರಹವೂ, ೨೦೧೪ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿದ್ವಾಂಸರು ಪ್ರಮುಖರಾಗಿದ್ದ ಕೋಕೋ ಎಂಬ ಸಂಗ್ರಹವೂ ಪ್ರಕಟವಾದವು. ಕೋಕೋ ಸಂಗ್ರಹದಲ್ಲಿ ೮೦ ಬಗೆಯ ವಸ್ತುಗಳನ್ನು ಗೆರೆಯೆಳೆದು ಗುರುತಿಸಲಾಗಿದೆ. ಅವುಗಳಲ್ಲಿ ಆನೆಯುಂಟು, ಕುದುರೆಯುಂಟು, ಯಾಳಿಯಿಲ್ಲ, ವೀರಗಲ್ಲಿಲ್ಲ. ಆ ಎಂಬತ್ತರಿಂದ ಕಲಿತ ಯಂತ್ರವು ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲಿನ ಆನೆ, ಕುದುರೆ, ಕಾಲಾಳು, ನರ್ತಕಿಯರ ಸಾಲುಗಳಲ್ಲಿ ಒಂದೆರಡನ್ನು ಗುರುತಿಸಬಹುದು. ಆದರೆ ಅದು ಮೆರವಣಿಗೆ ಎಂಬುದನ್ನು ಅದು ಹೇಳಲಾರದು. ನಮ್ಮ ವಸ್ತುಗಳ ಹೆಸರನ್ನು ನಾವೇ ಕಲಿಸಬೇಕು.

ಈ ದಿಕ್ಕಿನಲ್ಲಿ ನಮ್ಮಲ್ಲಿ ಕೆಲಸ ನಡೆದಿಲ್ಲವೆಂದಲ್ಲ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ಹಂಪೆಯನ್ನೇ ಕ್ಷೇತ್ರವಾಗಿಟ್ಟುಕೊಂಡು ನಡೆದ ಡಿಜಿಟಲ್ ಪರಂಪರೆಯ ಯೋಜನೆಯ ಫಲಗಳು ೨೦೧೭ರಲ್ಲಿ ‘ಡಿಜಿಟಲ್ ಹಂಪಿ’ ಎಂಬ ಗ್ರಂಥವಾಗಿ ಹೊರಬಂದಿವೆ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ಬೆಂಗಳೂರು ಪ್ರದೇಶದ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕಾರ್ಯವನ್ನು ಕೈಗೊಂಡಿದೆ. ಇವು ದೊಡ್ಡ ಸಂಸ್ಥೆಗಳ ಕಾರ್ಯಗಳು. ಒಂದೆರಡು ಗಣಕಗಳೂ ಆಗಾಗ ಕಡಿದುಹೋಗುವ ವಿದ್ಯುತ್ತೂ ಇರುವ ಕಾಲೇಜಿನಲ್ಲಿ ಏನು ಸಾಧ್ಯ ಎಂಬುದೇ ನಮ್ಮ ಪ್ರಶ್ನೆ.

೩

ತಂತ್ರಾಂಶಗಳ ಗುಣದೋಷಗಳನ್ನು ಕುರಿತು ಸಾಮಾನ್ಯವಾಗಿ ಬರೆಯುವವರು ಮೂರು ಮಾನದಂಡಗಳನ್ನು ಬಳಸುತ್ತಾರೆ: ವೇಗ, ಸೌಲಭ್ಯಗಳ ಸಂಖ್ಯೆ, ಕಲಿಯುವ ಸುಲಭತೆ. ಕಾರ್ಖಾನೆಯ ಕೆಲಸಕ್ಕೆ ಇವು ಸಾಲಬಹುದು. ಇತಿಹಾಸದ ಕೆಲಸಕ್ಕೆ ಇವು ಗೌಣ. ನಮ್ಮ ಮಾನದಂಡಗಳು ಬೇರೆ ಮೂರು: ದಾಖಲೆಯು ತಂತ್ರಾಂಶವನ್ನು ಮೀರಿ ಬದುಕುವುದೇ? ಸಂದೇಹವನ್ನು ಬರೆದಿಡಲು ಅವಕಾಶವಿದೆಯೇ? ಕನ್ನಡದ ಹೆಸರುಗಳು ಕನ್ನಡದಲ್ಲಿಯೇ ನಿಲ್ಲುವುವೇ?

ಮೊದಲನೆಯದನ್ನು ವಿಚಾರಿಸೋಣ. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಮೇಣಗಾಗದದ ನೆಗೆಟಿವ್‌ಗಳ ಮೇಲೆ ಹಂಪೆಯ ಚಿತ್ರಗಳನ್ನು ತೆಗೆದನು. ೧೯೮೩ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕರು ಅವನು ನಿಂತ ಜಾಗಗಳಲ್ಲಿಯೇ ನಿಂತು ಅವೇ ದೃಶ್ಯಗಳನ್ನು ಮತ್ತೆ ಹಿಡಿದರು. ೧೨೭ ವರ್ಷಗಳ ಅಂತರದ ಈ ಹೋಲಿಕೆ ಸಾಧ್ಯವಾದದ್ದು ಕಾಗದವು ಉಳಿದುದರಿಂದ. ನಮ್ಮ ಟಿಪ್ಪಣಿಗಳು ಹದಿನೈದು ವರ್ಷವಾದರೂ ಉಳಿಯುವುವೇ? ಮೈಕ್ರೋಸಾಫ್ಟ್ ಸಂಸ್ಥೆಯು ಹೊರತಂದು ಬಹುಜನರು ಬಳಸಿದ ವಾಟ್ ಎಂಬ ಸಾಧನದ ಪೋಷಣೆಯನ್ನು ಸಂಸ್ಥೆಯೇ ನಿಲ್ಲಿಸಿತು. ವಿದ್ಯಾರ್ಥಿಗಳಿಗೆ ಅತ್ಯಂತ ಪರಿಚಿತವಾದ ಲೇಬಲ್‌ಇಮ್ಗ್ ಎಂಬುದರ ಬೆಳವಣಿಗೆಯೂ ನಿಂತಿದೆ. ಆದ್ದರಿಂದ ತಂತ್ರಾಂಶವು ಸಾಯುವುದೆಂದು ಮೊದಲೇ ಭಾವಿಸಿ, ಅದು ಬಿಟ್ಟುಹೋಗುವ ಕಡತವನ್ನು ನೋಡಿ ಆರಿಸಬೇಕು.

ಕಡತಗಳೆಲ್ಲ ಒಂದೇ ಬಗೆಯವಲ್ಲ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ೪೦೦೦ ಬಿಂದು ಅಗಲ, ೩೦೦೦ ಬಿಂದು ಎತ್ತರದ ಚಿತ್ರವೊಂದರಲ್ಲಿ ಎಡದಿಂದ ೧೦೦೦ರಿಂದ ೧೮೦೦ರವರೆಗೆ, ಮೇಲಿನಿಂದ ೬೦೦ರಿಂದ ೧೮೦೦ರವರೆಗೆ ಒಂದು ವೀರಗಲ್ಲು ಇದೆಯೆನ್ನೋಣ. ಯೋಲೋ ಎಂದು ಪ್ರಸಿದ್ಧವಾದ ಪದ್ಧತಿಯಲ್ಲಿ ಇದರ ದಾಖಲೆ ಐದು ಸಂಖ್ಯೆಗಳ ಒಂದು ಸಾಲು: ೦, ೦.೩೫, ೦.೪, ೦.೨, ೦.೪. ಮೊದಲನೆಯದು ವಸ್ತುವಿನ ವರ್ಗ, ಮುಂದಿನ ಎರಡು ಚೌಕದ ನಡುಬಿಂದು, ಕೊನೆಯವೆರಡು ಅದರ ಅಗಲ ಮತ್ತು ಎತ್ತರ. ಎಲ್ಲವೂ ಚಿತ್ರದ ಅಳತೆಯ ಭಾಗಾಂಶಗಳು. ಯಂತ್ರಕ್ಕೆ ಇದು ಪರಮಾನುಕೂಲ. ಆದರೆ ‘ವೀರಗಲ್ಲು’ ಎಂಬ ಹೆಸರು ಈ ಸಾಲಿನಲ್ಲಿ ಎಲ್ಲಿಯೂ ಇಲ್ಲ. ಸೊನ್ನೆಯೆಂದರೆ ವೀರಗಲ್ಲು ಎಂಬುದು ಬೇರೊಂದು ಕಡತದಲ್ಲಿದೆ. ಆ ಕಡತ ಕಳೆದರೆ, ಅಥವಾ ಮತ್ತೊಬ್ಬ ವಿದ್ಯಾರ್ಥಿಯು ಪಟ್ಟಿಯ ಮೊದಲಿಗೆ ‘ಮಾಸ್ತಿಕಲ್ಲು’ ಎಂದು ಸೇರಿಸಿದರೆ, ಸಾವಿರ ವೀರರು ಒಂದೇ ಕ್ಷಣದಲ್ಲಿ ಸತಿಯರಾಗುತ್ತಾರೆ. ಮೊದಲ ಸಾಲು ಒಡೆದುಹೋದ ಶಾಸನದ ಅವಸ್ಥೆ ಇದು. ಇದಕ್ಕೆ ಪ್ರತಿಯಾಗಿ ಎಕ್ಸ್‌ಎಂಎಲ್ ಅಥವಾ ಜೇಸನ್ ರೂಪದ ದಾಖಲೆಯಲ್ಲಿ ಹೆಸರು, ಅಳತೆ, ಚಿತ್ರದ ಹೆಸರು ಒಟ್ಟಿಗಿರುವಂತೆ ಇಡಬಹುದು. ಸಾಧಾರಣ ಪಠ್ಯಸಂಪಾದಕದಲ್ಲಿ ತೆರೆದು ಕಣ್ಣಿನಿಂದಲೇ ಓದಬಹುದು. ಮೂಲವನ್ನು ಈ ರೂಪದಲ್ಲಿಟ್ಟು, ಯಂತ್ರಕ್ಕೆ ಬೇಕಾದಾಗ ಯೋಲೋ ರೂಪಕ್ಕೆ ಪರಿವರ್ತಿಸಿಕೊಳ್ಳುವುದು ಸುಲಭ. ತದ್ವಿರುದ್ಧವಾದ ದಾರಿಯಲ್ಲಿ ಕಳೆದುಹೋದದ್ದು ಮರಳಿ ಬಾರದು.

ಎರಡನೆಯದು ಸಂದೇಹದ ಪ್ರಶ್ನೆ. ನಮ್ಮ ಶಾಸನಸಂಪಾದಕರು ತ್ರುಟಿತ ಅಕ್ಷರಗಳನ್ನು ಕಂಸದಲ್ಲಿಟ್ಟು, ಅನುಮಾನವಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕುವ ಪದ್ಧತಿಯನ್ನು ಬೆಳೆಸಿದ್ದಾರೆ. ಚೌಕವೊಂದನ್ನೆಳೆದು ಪಟ್ಟಿಯಿಂದ ಒಂದು ಹೆಸರನ್ನು ಒತ್ತುವುದಷ್ಟೇ ಸಾಧ್ಯವಿರುವ ತಂತ್ರಾಂಶವು ಈ ಪ್ರಾಮಾಣಿಕತೆಗೆ ಎಡೆಗೊಡದು. ಒಂದು ಗುರುತಿಗೆ ಹಲವು ಲಕ್ಷಣಗಳನ್ನು, ‘ಖಚಿತ’, ‘ಬಹುಶಃ’, ‘ಮುಖಭಾಗ ಭಗ್ನ’, ‘ಅರ್ಧ ಹೂತಿದೆ’ ಎಂಬಂಥವನ್ನು, ಅಂಟಿಸುವ ಸೌಕರ್ಯವು ಅತ್ಯವಶ್ಯ.

ಮೂರನೆಯದು ಕನ್ನಡ. ಹೆಸರುಗಳನ್ನು ಇಂಗ್ಲಿಷಿನಲ್ಲಿಟ್ಟರೆ ವೀರಗಲ್ಲು, ಗೋಗ್ರಹಣದ ಕಲ್ಲು, ಊರಳಿವಿನ ಕಲ್ಲು ಎಂಬ ಭೇದಗಳು ಒಂದೇ ಶಬ್ದದಲ್ಲಿ ಅಳಿಸಿಹೋಗುತ್ತವೆ. ಕನ್ನಡದಲ್ಲಿ ಬರೆಯುವಲ್ಲಿಯೂ ಎಚ್ಚರ ಬೇಕು. ನುಡಿ ಅಥವಾ ಬರಹದ ಹಳೆಯ, ಯೂನಿಕೋಡಲ್ಲದ ಅಕ್ಷರಗಳಲ್ಲಿ ಬರೆದ ಹೆಸರು ಬೇರೆ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಯೂನಿಕೋಡಿನಲ್ಲಿಯೂ ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿಬಿಡಿಯಾದ ಮೂರು ಸಂಕೇತಗಳಾಗಿಯೂ ಬರೆಯಲು ಸಾಧ್ಯ. ಕಣ್ಣಿಗೆ ಎರಡೂ ಒಂದೇ, ಸರಿಪಡಿಸದಿದ್ದರೆ ಯಂತ್ರಕ್ಕೆ ಬೇರೆ ಬೇರೆ. ಆದ್ದರಿಂದ ಹೆಸರನ್ನು ಪ್ರತಿಸಲವೂ ಬೆರಳಚ್ಚಿಸದೆ, ಒಮ್ಮೆ ಸಿದ್ಧಪಡಿಸಿದ ಪಟ್ಟಿಯಿಂದ ಆರಿಸುವಂತಿರಬೇಕು.

೪

ಈ ಮೂರು ಒರೆಗಲ್ಲುಗಳಿಗೆ ತಂತ್ರಾಂಶಗಳನ್ನು ಉಜ್ಜಿ ನೋಡಬಹುದು.

ಲೇಬಲ್‌ಇಮ್ಗ್ ಅತಿ ಸರಳ. ಒಂದು ಗಂಟೆಯಲ್ಲಿ ಕಲಿಯಬಹುದು. ಆದರೆ ನೇರವಾದ ಚೌಕವನ್ನಲ್ಲದೆ ಬೇರೇನನ್ನೂ ಅದು ಎಳೆಯದು. ನಮ್ಮ ವೀರಗಲ್ಲುಗಳು ಓರೆಯಾಗಿ ನಿಂತಿರುತ್ತವೆ. ನೇರ ಚೌಕದೊಳಗೆ ಕಲ್ಲಿನಷ್ಟೇ ಹುಲ್ಲೂ ಸೇರುತ್ತದೆ. ಬೆಳವಣಿಗೆ ನಿಂತ ಸಾಧನವನ್ನು ಹೊಸ ಕಾರ್ಯಕ್ಕೆ ಆರಿಸುವುದು ವಿವೇಕವಲ್ಲ.

ಕೆಂಟಾರೋ ವಾಡಾ ಎಂಬುವರು ಪೈಥಾನ್ ಭಾಷೆಯಲ್ಲಿ ರಚಿಸಿದ, ಹಳೆಯ ಲೇಬಲ್‌ಮೀಯ ಹೆಸರನ್ನೇ ಹೊತ್ತ ತಂತ್ರಾಂಶವು ಬಹುಭುಜಾಕೃತಿಗಳನ್ನು ಎಳೆದು, ಚಿತ್ರಕ್ಕೊಂದರಂತೆ ಜೇಸನ್ ಕಡತವನ್ನು ಬರೆಯುತ್ತದೆ. ಶಿಲ್ಪದ ಅಂಚನ್ನು ಹಿಂಬಾಲಿಸಬೇಕಾದಲ್ಲಿ ಇದು ಉಪಯುಕ್ತ. ಆದರೆ ಹಲವರು ಕೂಡಿ ಮಾಡುವ ಕೆಲಸದ ಹಂಚಿಕೆಗೆ ಇದರಲ್ಲಿ ವ್ಯವಸ್ಥೆಯಿಲ್ಲ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಷುಯಲ್ ಜಾಮೆಟ್ರಿ ಗ್ರೂಪಿನ ಅಭಿಷೇಕ್ ದತ್ತ ಮತ್ತು ಆಂಡ್ರೂ ಜಿಸರ್ಮನ್ ಅವರ ವಿಐಎ ಎಂಬ ಸಾಧನವು ನಮ್ಮ ಪರಿಸ್ಥಿತಿಗೆ ಅತ್ಯಂತ ಹತ್ತಿರವಾದದ್ದು. ಅದು ೪೦೦ ಕಿಲೋಬೈಟಿಗೂ ಕಡಿಮೆ ಗಾತ್ರದ ಒಂದೇ ಒಂದು ಪುಟ. ಸ್ಥಾಪನೆಯಿಲ್ಲ, ಖಾತೆಯಿಲ್ಲ, ಅಂತರ್ಜಾಲವಿಲ್ಲ. ಪೆನ್‌ಡ್ರೈವಿನಲ್ಲಿ ಒಯ್ದು ಯಾವ ಗಣಕದ ಬ್ರೌಸರಿನಲ್ಲಿ ಬೇಕಾದರೂ ತೆರೆಯಬಹುದು. ಚೌಕ, ವೃತ್ತ, ದೀರ್ಘವೃತ್ತ, ಬಹುಭುಜ, ಬಿಂದು, ರೇಖೆ ಇವೆಲ್ಲವನ್ನೂ ಎಳೆಯಬಹುದು. ಪ್ರತಿ ಗುರುತಿಗೂ ನಾವೇ ಕಲ್ಪಿಸಿದ ಲಕ್ಷಣಗಳನ್ನು ಪಟ್ಟಿಯ ರೂಪದಲ್ಲಿ ಜೋಡಿಸಬಹುದು. ಫಲಿತವು ಜೇಸನ್ ಅಥವಾ ಸಿಎಸ್‌ವಿ ರೂಪದಲ್ಲಿ ಹೊರಬರುತ್ತದೆ. ದೋಷವೂ ಉಂಟು: ಕೆಲಸವನ್ನು ಆಗಾಗ ಕಡತಕ್ಕೆ ಇಳಿಸಿಕೊಳ್ಳದಿದ್ದರೆ, ವಿದ್ಯುತ್ತು ಕಡಿದಾಗ ಎಲ್ಲವೂ ಮಾಯವಾಗಬಹುದು. ಮೇಕ್‌ಸೆನ್ಸ್ ಎಂಬ ಇನ್ನೊಂದು ಬ್ರೌಸರ್ ಸಾಧನದಲ್ಲಿಯೂ ಇದೇ ಅಪಾಯವಿದೆ.

ಇಂಟೆಲ್ ಸಂಸ್ಥೆಯು ೨೦೧೮ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿ, ೨೦೨೨ರಿಂದ ಸ್ವತಂತ್ರ ಸಂಸ್ಥೆಯೊಂದರ ಪೋಷಣೆಯಲ್ಲಿರುವ ಸಿವ್ಯಾಟ್ ಇವೆಲ್ಲಕ್ಕಿಂತ ಸಮರ್ಥವಾದುದು. ಇದರಲ್ಲಿ ಕೆಲಸವನ್ನು ವಿದ್ಯಾರ್ಥಿಗಳಿಗೆ ಹಂಚಿ, ಅಧ್ಯಾಪಕರು ಪರಿಶೀಲಿಸಿ ಹಿಂದಿರುಗಿಸಬಹುದು. ಚೌಕವನ್ನು ಓರೆಯಾಗಿ ತಿರುಗಿಸಬಹುದು. ಚಲನಚಿತ್ರಗಳ ಮೇಲೆಯೂ ಗುರುತು ಮಾಡಬಹುದು. ಆದರೆ ಅದನ್ನು ನಮ್ಮದೇ ಯಂತ್ರದಲ್ಲಿ ನಡೆಸಬೇಕಾದರೆ ಡಾಕರ್ ಎಂಬ ವ್ಯವಸ್ಥೆಯೂ ಅದನ್ನು ಬಲ್ಲ ಒಬ್ಬರೂ ಬೇಕು. ಲೇಬಲ್ ಸ್ಟುಡಿಯೋ ಎಂಬುದು ಚಿತ್ರದೊಡನೆ ಪಠ್ಯ ಮತ್ತು ಧ್ವನಿಗಳನ್ನೂ ಸ್ವೀಕರಿಸುತ್ತದೆ; ಶಾಸನದ ಒಂದೊಂದು ಸಾಲಿಗೆ ಗೆರೆಯೆಳೆದು ಅದರ ಪಾಠವನ್ನು ಪಕ್ಕದಲ್ಲಿ ಬರೆಯುವುದಕ್ಕೆ ಇದು ಅನುಕೂಲ. ಆದರೆ ಪರಿಶೀಲನೆಯ ಮುಖ್ಯ ಸೌಕರ್ಯಗಳನ್ನು ಹಣ ತೆರುವ ಆವೃತ್ತಿಗೆ ಮೀಸಲಿಡಲಾಗಿದೆ.

೨೦೨೩ರಲ್ಲಿ ಮೆಟಾ ಸಂಸ್ಥೆಯು ಪ್ರಕಟಿಸಿದ ಸೆಗ್ಮೆಂಟ್ ಎನಿಥಿಂಗ್ ಎಂಬ ಮಾದರಿಯು ಒಂದು ಬಿಂದುವನ್ನು ಒತ್ತಿದೊಡನೆ ವಸ್ತುವಿನ ಅಂಚನ್ನು ತಾನೇ ಎಳೆಯುವುದರಿಂದ ಇನ್ನು ಮನುಷ್ಯನ ಶ್ರಮ ಬೇಡವೆಂಬ ಉತ್ಸಾಹವು ಹಬ್ಬಿದೆ. ಆದರೆ ಕಣಶಿಲೆಯ ಉಬ್ಬುಶಿಲ್ಪದಲ್ಲಿ ಮೂರ್ತಿಯೂ ಹಿನ್ನೆಲೆಯೂ ಒಂದೇ ಕಲ್ಲು, ಒಂದೇ ಬಣ್ಣ; ಅಂಚೆಂಬುದು ನೆರಳಿನ ಆಟ. ಅದಿರಿನ ಕೆಂಧೂಳು ಕುಳಿತ ಕಲ್ಲಿನ ಮೇಲೆ ಆ ನೆರಳೂ ಮಸುಕಾಗುತ್ತದೆ. ಅಲ್ಲದೆ ಆ ಮಾದರಿಯು ಗೆರೆಯನ್ನು ಎಳೆಯುವುದೇ ಹೊರತು ಹೆಸರನ್ನಿಡುವುದಿಲ್ಲ. ಹೆಸರಿಡುವುದೇ ನಮ್ಮ ವಿದ್ಯೆ.

೫

‘ಉಚಿತ’ ಎಂಬ ಶಬ್ದವನ್ನು ಕುರಿತು ಒಂದು ಮಾತು. ಮೊದಲಲ್ಲಿ ತಕ್ಕದ್ದು ಎಂಬ ಅರ್ಥವಿದ್ದ ಈ ಶಬ್ದವು ಈಗ ಬಿಟ್ಟಿ ಎಂಬರ್ಥದಲ್ಲಿ ರೂಢವಾಗಿದೆ. ತಂತ್ರಾಂಶಗಳ ವಿಷಯದಲ್ಲಿ ಈ ಎರಡರ್ಥಗಳನ್ನು ಬೇರ್ಪಡಿಸುವುದು ಅವಶ್ಯ. ವಿಐಎ, ಸಿವ್ಯಾಟ್, ಲೇಬಲ್ ಸ್ಟುಡಿಯೋಗಳ ಮೂಲಸಂಕೇತವು ಮುಕ್ತ ಪರವಾನಗಿಯಡಿ ದೊರೆಯುತ್ತದೆ. ನಮ್ಮ ಯಂತ್ರದಲ್ಲಿಯೇ ಇಟ್ಟುಕೊಳ್ಳಬಹುದು, ಯಾರೂ ಕಸಿದುಕೊಳ್ಳಲಾರರು. ಆದರೆ ಅಂತರ್ಜಾಲದ ಮೂಲಕ ಬಿಟ್ಟಿಯಾಗಿ ಸಲ್ಲುವ ಸೇವೆಗಳ ಸ್ವಭಾವ ಬೇರೆ. ಕೆಲವು ಸೇವೆಗಳ ಶುಲ್ಕರಹಿತ ಯೋಜನೆಯಲ್ಲಿ ನಾವು ಏರಿಸಿದ ಚಿತ್ರಗಳು ಸಾರ್ವಜನಿಕವಾಗುತ್ತವೆ. ಬೀದಿಯ ವಾಹನಗಳ ಚಿತ್ರಕ್ಕೆ ಇದರಿಂದ ಹಾನಿಯಿಲ್ಲ. ಕಾವಲಿಲ್ಲದ ಹೊಲದಲ್ಲಿರುವ ಶಿಲ್ಪದ ಚಿತ್ರಕ್ಕೆ ಹಾನಿಯುಂಟು. ಫೋನು ತೆಗೆದ ಚಿತ್ರದೊಳಗೆ ಆ ಸ್ಥಳದ ಅಕ್ಷಾಂಶ ರೇಖಾಂಶಗಳು ಅಡಗಿರಬಹುದು. ಟಿಪ್ಪಣಿಯು ಅದರ ಮೇಲೆ ‘ಅಖಂಡ ಮೂರ್ತಿ’ ಎಂದು ಬರೆದಿರುತ್ತದೆ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಕೈಪಿಡಿ ಬೇಕಿಲ್ಲ. ಆದ್ದರಿಂದ ಏರಿಸುವ ಮುನ್ನ ಸ್ಥಾನದ ಮಾಹಿತಿಯನ್ನು ತೆಗೆದು ಬೇರೆ ದಾಖಲೆಯಲ್ಲಿಡುವುದು, ಅಸಂರಕ್ಷಿತ ವಸ್ತುಗಳನ್ನು ಇಂಥ ಸೇವೆಗಳಿಗೆ ಒಪ್ಪಿಸದಿರುವುದು ಕರ್ತವ್ಯ.

ಗೆರೆಯೊಂದು ಎಷ್ಟು ಭಾರವಾಗಬಲ್ಲುದೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ೨೦೧೧ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದ ತರುವಾಯ, ಗುತ್ತಿಗೆಯ ಎಲ್ಲೆಗಳನ್ನು ಮತ್ತೆ ಅಳೆದು, ಮೀರಿದ ಪ್ರಮಾಣವನ್ನನುಸರಿಸಿ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಯಿತು. ೨೦೧೩ರ ತೀರ್ಪಿನಲ್ಲಿ ಕೊನೆಯ ವರ್ಗದ ಗುತ್ತಿಗೆಗಳು ರದ್ದಾದವು. ನಕ್ಷೆಯ ಮೇಲಿನ ಗೆರೆಗೆ ಉತ್ತರದಾಯಿತ್ವವಿರುವಂತೆ ಚಿತ್ರದ ಮೇಲಿನ ಗೆರೆಗೂ ಇರಬೇಕು.

೬

ಆ ಉತ್ತರದಾಯಿತ್ವವನ್ನು ಯಾವ ತಂತ್ರಾಂಶವೂ ತಾನಾಗಿ ಕೊಡದು. ಅದನ್ನು ಅಳೆಯುವ ಉಪಾಯಗಳು ಮಾತ್ರ ಉಂಟು. ಇಬ್ಬರು ಒಂದೇ ಕಲ್ಲಿನ ಸುತ್ತ ೧೦೦ ಬಿಂದು ಅಗಲ, ೨೦೦ ಬಿಂದು ಎತ್ತರದ ಚೌಕವನ್ನೆಳೆದು, ಒಬ್ಬರದು ಇನ್ನೊಬ್ಬರದಕ್ಕಿಂತ ೨೦ ಬಿಂದು ಪಕ್ಕಕ್ಕೆ ಸರಿದಿದೆಯೆನ್ನೋಣ. ಎರಡಕ್ಕೂ ಸಮಾನವಾದ ಭಾಗ ೧೬,೦೦೦ ಬಿಂದು. ಎರಡೂ ಕೂಡಿ ಆವರಿಸಿದ್ದು ೨೪,೦೦೦. ಇವುಗಳ ಪ್ರಮಾಣ ೦.೬೭ ಮಾತ್ರ. ಕಣ್ಣಿಗೆ ಅಲ್ಪವೆನಿಸುವ ಸರಿತವು ಮೂರನೆಯ ಒಂದು ಪಾಲನ್ನು ನುಂಗಿತು.

ಹೆಸರುಗಳ ವಿಷಯದಲ್ಲಿ ೧೯೬೦ರಲ್ಲಿ ಜೇಕಬ್ ಕೊಹೆನ್ ಸೂಚಿಸಿದ ಕಪ್ಪಾ ಎಂಬ ಮಾನವಿದೆ. ಇಬ್ಬರು ವಿದ್ಯಾರ್ಥಿಗಳು ನೂರು ಕಲ್ಲುಗಳನ್ನು ನೋಡಿ, ತಲಾ ೭೦ನ್ನು ವೀರಗಲ್ಲೆಂದೂ ೩೦ನ್ನು ಮಾಸ್ತಿಕಲ್ಲೆಂದೂ ಬರೆದು, ೮೦ರಲ್ಲಿ ಒಮ್ಮತ ಹೊಂದಿದರೆನ್ನೋಣ. ನೂರಕ್ಕೆ ಎಂಬತ್ತೆಂದರೆ ಉತ್ತಮವೆನಿಸುತ್ತದೆ. ಆದರೆ ಕಣ್ಣುಮುಚ್ಚಿ ಅದೇ ಪ್ರಮಾಣದಲ್ಲಿ ಹೆಸರಿಟ್ಟಿದ್ದರೂ ೫೮ರಲ್ಲಿ ಒಮ್ಮತ ಬರುತ್ತಿತ್ತು. ಅದನ್ನು ಕಳೆದರೆ ಉಳಿಯುವ ೪೨ರಲ್ಲಿ ನಿಜವಾಗಿ ಗಳಿಸಿದ್ದು ೨೨, ಕಪ್ಪಾ ೦.೫೨. ಇದರರ್ಥ ವಿದ್ಯಾರ್ಥಿಗಳು ಅಜ್ಞರೆಂದಲ್ಲ. ವೀರನೊಡನೆ ಸತಿಯೂ ಕೆತ್ತಲ್ಪಟ್ಟಿರುವ ಕಲ್ಲನ್ನು ಏನೆಂದು ಕರೆಯಬೇಕೆಂಬ ನಿಯಮವನ್ನು ಅವರಿಗೆ ಯಾರೂ ಕೊಟ್ಟಿಲ್ಲವೆಂದು. ಇಲ್ಲಿ ಅಳತೆಯು ತಂತ್ರಜ್ಞಾನದ ಕೊರತೆಯನ್ನಲ್ಲ, ನಮ್ಮ ವರ್ಗೀಕರಣದ ಅಸ್ಪಷ್ಟತೆಯನ್ನು ಬಯಲಿಗೆಳೆಯುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಇದು ಯಂತ್ರಕ್ಕಿಂತಲೂ ದೊಡ್ಡ ಲಾಭ.

ಇದುವರೆಗಿನ ವಿವೇಚನೆಯಿಂದ ಹೊರಡುವ ನಿರ್ಣಯವು ಹೀಗಿದೆ. ಹತ್ತಿಪ್ಪತ್ತು ವಿದ್ಯಾರ್ಥಿಗಳ, ಕೆಲವು ನೂರು ಚಿತ್ರಗಳ ಕಾರ್ಯಕ್ಕೆ ವಿಐಎ ಸಾಕು, ಮತ್ತು ಅದೇ ಶ್ರೇಷ್ಠ. ಹಲವು ಕಾಲೇಜುಗಳು ಕೂಡಿ ಸಾವಿರಾರು ಚಿತ್ರಗಳನ್ನು ಕೈಗೊಳ್ಳುವಾಗ, ವಿಶ್ವವಿದ್ಯಾಲಯದ ಯಂತ್ರವೊಂದರಲ್ಲಿ ಸಿವ್ಯಾಟನ್ನು ಸ್ಥಾಪಿಸಿಕೊಳ್ಳಬೇಕು. ಶಾಸನಪಾಠಕ್ಕೆ ಲೇಬಲ್ ಸ್ಟುಡಿಯೋ ಇರಲಿ. ಇವುಗಳಲ್ಲಿ ಯಾವುದನ್ನು ಹಿಡಿದರೂ ಮೊದಲ ಗುರುತನ್ನು ಹಾಕುವ ಮುನ್ನ ನಾಲ್ಕು ಪುಟಗಳ ಒಂದು ನಿಯಮಾವಳಿಯನ್ನು ಕನ್ನಡದಲ್ಲಿ ಬರೆಯಬೇಕು. ಅದರಲ್ಲಿ ಪ್ರತಿ ಹೆಸರಿನ ಲಕ್ಷಣ, ಸಂದೇಹದ ಚಿಹ್ನೆ, ಮಿಶ್ರಕಲ್ಲುಗಳ ವ್ಯವಸ್ಥೆ ಇರಬೇಕು. ನೂರು ಚಿತ್ರಗಳನ್ನಾದರೂ ಇಬ್ಬರು ಪ್ರತ್ಯೇಕವಾಗಿ ಗುರುತಿಸಿ ಹೋಲಿಸಬೇಕು. ಭಿನ್ನಮತವನ್ನು ಅಳಿಸದೆ ಇಬ್ಬರ ದಾಖಲೆಯನ್ನೂ ಉಳಿಸಬೇಕು. ಆ ನಿಯಮಾವಳಿಯನ್ನು ಇಂಥ ಸಂಚಿಕೆಗಳಲ್ಲಿ ಅಚ್ಚುಮಾಡುವುದು ಯುಕ್ತ. ತಂತ್ರಾಂಶವು ಕಣ್ಮರೆಯಾದ ಮೇಲೂ ಗ್ರಂಥಾಲಯದ ಕಪಾಟಿನಲ್ಲಿ ಅದು ದೊರೆಯುತ್ತದೆ. ಯಾವ ಗಣಕವೂ ಇಲ್ಲದ ಕಾಲೇಜು ಕೂಡ ಈ ನಿಯಮಾವಳಿಯ ರಚನೆಯಲ್ಲಿ ಭಾಗವಹಿಸಬಹುದಾದ್ದರಿಂದ, ಕಾರ್ಯವನ್ನು ಅಲ್ಲಿಂದಲೇ ಆರಂಭಿಸಲು ಅಧ್ಯಾಪಕಮಿತ್ರರಿಗೆ ಅಡ್ಡಿಯಿಲ್ಲ.